ದಿನ ತುಂಬದೆ ಹುಟ್ಟಿದ ಮಗು: ಅಪ್ಪ-ಅಮ್ಮನ ಉತ್ತರವೇ ಮೊದಲ ಪರೀಕ್ಷೆ

ಮಗು ದಿನ ತುಂಬುವ ಮೊದಲೇ ಹುಟ್ಟಿದರೆ ಅದು ಉಳಿಯುತ್ತದೆಯೋ ಇಲ್ಲವೋ ಎಂಬುದು ಮನೆಯವರ ಮೊದಲ ಚಿಂತೆ. ಗಾಜಿನ ಪೆಟ್ಟಿಗೆ, ಆಮ್ಲಜನಕ, ಮೂಗಿನ ನಳಿಕೆಯಲ್ಲಿ ಹಾಲು, ತೂಕ ಹತ್ತು ಗ್ರಾಂ ಏರಿದ ದಿನ ಮನೆಯವರಿಗೆಲ್ಲ ಫೋನು. ಹೀಗೆ ಮೂರು ನಾಲ್ಕು ವಾರ ಕಳೆದು ಮಗು ಮನೆಗೆ ಬಂದ ಮೇಲೆ ಎರಡನೆಯ ಚಿಂತೆ ಶುರುವಾಗುತ್ತದೆ. ಇದನ್ನು ಯಾರೂ ಜೋರಾಗಿ ಆಡುವುದಿಲ್ಲ. ಅದೇ ತಿಂಗಳು ಹುಟ್ಟಿದ ಪಕ್ಕದ ಮನೆಯ ಕೂಸು ಕುಳಿತು ಆಡುತ್ತಿದೆ, ನಮ್ಮದು ಈಗಷ್ಟೇ ಬೋರಲು ಬಿದ್ದಿದೆ. ಬುದ್ಧಿಗೇನಾದರೂ ತೊಂದರೆ ಇದೆಯೇ? ಅಜ್ಜಿಯನ್ನು ಕೇಳಿದರೆ "ಏನಿಲ್ಲ ಸುಮ್ನಿರು, ಅವರಪ್ಪನೂ ಎಲ್ಲಾ ನಿಧಾನವೇ" ಎನ್ನುತ್ತಾರೆ. ನೆಂಟರನ್ನು ಕೇಳಿದರೆ ಬೆಂಗಳೂರಿನ ಯಾವುದೋ ದೊಡ್ಡ ಆಸ್ಪತ್ರೆಯ ಹೆಸರು ಹೇಳುತ್ತಾರೆ. ಎರಡು ಮಾತೂ ಕೆಲವೊಮ್ಮೆ ಸರಿ, ಕೆಲವೊಮ್ಮೆ ತಪ್ಪು. ಯಾವಾಗ ಯಾವುದು ಸರಿ ಎಂದು ತಿಳಿಯಲು ದುಬಾರಿಯಲ್ಲದ ಒಂದು ದಾರಿ ಇದೆ. ಸರಿಯಾದ ಪ್ರಶ್ನೆಗಳನ್ನು ಸರಿಯಾದ ವಯಸ್ಸಿಗೆ ಹೆತ್ತವರನ್ನೇ ಕೇಳುವುದು, ಅವರ ಉತ್ತರಕ್ಕೆ ಅಂಕ ಹಾಕಿ ನೋಡುವುದು. ಇದಕ್ಕೆ ಪೋಷಕರ ಪ್ರಶ್ನಾವಳಿ ಎನ್ನುತ್ತಾರೆ.

ಗರ್ಭದಲ್ಲಿ 37 ವಾರ ಪೂರ್ತಿಯಾಗುವ ಮೊದಲು ಹುಟ್ಟಿದ ಮಗುವನ್ನು ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಮಗು ಎಂದು ಲೆಕ್ಕ ಹಾಕುತ್ತಾರೆ. 2020ರಲ್ಲಿ ಪ್ರಪಂಚದಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ನಮ್ಮ ದೇಶದ ಪಾಲೇ 30 ಲಕ್ಷ. ಇವರಲ್ಲಿ ಹೆಚ್ಚಿನವರು 32 ವಾರ ದಾಟಿ ಹುಟ್ಟಿದವರು; ಬಹುಪಾಲು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ವಾರ ಕಡಿಮೆಯಾದಷ್ಟೂ, ತೂಕ ಕಡಿಮೆಯಾದಷ್ಟೂ ನಡಿಗೆ, ಮಾತು, ಕಲಿಕೆಗಳಲ್ಲಿ ಹಿಂದುಳಿಯುವ ಸಂಭವ ಹೆಚ್ಚು. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಶುದ್ಧ ಸುಳ್ಳು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಮೊದಲು ವಯಸ್ಸನ್ನು ಸರಿಯಾಗಿ ಎಣಿಸಿ

ಪ್ರಶ್ನಾವಳಿಗೆ ಹೋಗುವ ಮೊದಲು ಒಂದು ಲೆಕ್ಕ ಮಾಡಬೇಕು. ಇದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿನ ಮೆದುಳು ಆ ಎರಡು ತಿಂಗಳ ಬೆಳವಣಿಗೆಯನ್ನು ಹೊರಗೆ ಬಂದ ಮೇಲೆ ಮುಗಿಸಬೇಕು. ಆದ್ದರಿಂದ ಬೆಳವಣಿಗೆಯನ್ನು ಅಳೆಯುವಾಗ ಹುಟ್ಟಿದ ದಿನದಿಂದ ಎಣಿಸಬಾರದು. ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕ ಎಂದು ಬರೆದಿರುತ್ತಾರಲ್ಲ, ಆ ದಿನದಿಂದ ಎಣಿಸಿ. ಅದೇ ಮಗುವಿನ ಸರಿಪಡಿಸಿದ ವಯಸ್ಸು.

ಒಂದು ಉದಾಹರಣೆ ನೋಡಿ. ಹೆರಿಗೆಗೆ ಕೊಟ್ಟ ದಿನ ಮಾರ್ಚ್ 14. ಮಗು ಹುಟ್ಟಿದ್ದು ಜನವರಿ 10. ಅಂದರೆ 9 ವಾರ ಮುಂಚೆ, 31 ವಾರಕ್ಕೆ. ಸೆಪ್ಟೆಂಬರ್ 14ರಂದು ಹುಟ್ಟಿದ ಲೆಕ್ಕದಲ್ಲಿ ಮಗುವಿಗೆ 8 ತಿಂಗಳು 4 ದಿನ. ಸರಿಪಡಿಸಿದ ಲೆಕ್ಕದಲ್ಲಿ ಬರೀ 6 ತಿಂಗಳು. ಎಂಟು ತಿಂಗಳ ಮಗು ಆಸರೆಯಿಲ್ಲದೆ ಕೂರುತ್ತಿಲ್ಲ ಎಂದರೆ ತಾಯಿಗೆ ಅಳುಕು. ಆರು ತಿಂಗಳ ಮಗು ಕೂರುತ್ತಿಲ್ಲ ಎಂದರೆ ಅದರಲ್ಲಿ ವಿಶೇಷವೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಅದರ ಪ್ರಕಾರ ಆರೋಗ್ಯವಂತ ಮಗು ಆಸರೆಯಿಲ್ಲದೆ ಕೂರುವ ಕಾಲ ಸುಮಾರು 4 ತಿಂಗಳಿನಿಂದ 9 ತಿಂಗಳವರೆಗೆ ಹರಡಿಕೊಂಡಿದೆ. ಸ್ವಂತವಾಗಿ ನಡೆಯುವುದಂತೂ 8 ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ. ಒಂದೇ ಬೀದಿಯ ಎರಡು ಆರೋಗ್ಯವಂತ ಮಕ್ಕಳ ನಡುವೆ ಇಷ್ಟು ಅಂತರ ಇರಬಹುದಾದಾಗ, ದಿನ ತುಂಬದ ಮಗುವನ್ನು ಪಕ್ಕದ ಮನೆಯ ಮಗುವಿನ ಜೊತೆ ಅಳೆದು ಕಣ್ಣೀರು ಹಾಕುವುದರಲ್ಲಿ ಅರ್ಥವಿಲ್ಲ.

ಈ ಸರಿಪಡಿಸಿದ ಲೆಕ್ಕವನ್ನು ಎರಡು ವರ್ಷದವರೆಗೆ ಮಾಡಿದರೆ ಸಾಕು. ಲಸಿಕೆಗೆ ಮಾತ್ರ ಈ ಲೆಕ್ಕ ಬೇಡ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದುಗಳನ್ನು ನಿಜವಾಗಿ ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. "ಮಗು ಇನ್ನೂ ಚಿಕ್ಕದು, ಮುಂದಿನ ತಿಂಗಳು ಹಾಕಿಸೋಣ" ಎಂದು ತಡಮಾಡಿದ ಮನೆಗಳನ್ನು ಬಹಳ ನೋಡಿದ್ದೇನೆ. ನಾಯಿಕೆಮ್ಮು ಮಗುವಿನ ತೂಕ ನೋಡಿಕೊಂಡು ಬರುವುದಿಲ್ಲ.

ಹೆತ್ತವರನ್ನೇ ಏಕೆ ಕೇಳಬೇಕು?

ಮಗುವಿನ ಬೆಳವಣಿಗೆಯನ್ನು ಪೂರ್ತಿಯಾಗಿ ಅಳೆಯುವ ಪರೀಕ್ಷೆಗಳು ಇವೆ. ಅಮೆರಿಕದ ಬೇಲಿ ಮಾಪಕ ಒಂದು. ಬರೋಡದಲ್ಲಿ ನಮ್ಮ ಮಕ್ಕಳಿಗಾಗಿಯೇ ಪ್ರಮೀಳಾ ಫಾಟಕ್ ಅವರು ರೂಪಿಸಿದ ಮಾಪಕ ಇನ್ನೊಂದು. ಅದರಲ್ಲಿ ಕೈಕಾಲಿನ ಚಲನೆಗೆ 67, ಬುದ್ಧಿಗೆ 163 ಅಂಶಗಳಿವೆ. ಗಂಟೆಯ ಹತ್ತಿರ ಹಿಡಿಯುತ್ತದೆ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಬೇಕು, ಸಾಮಾನಿನ ಪೆಟ್ಟಿಗೆ ಬೇಕು. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ಬೆಳಗಿನ ಬಸ್ಸು ಹಿಡಿದು, ತುಮಕೂರಿನಲ್ಲಿ ಇಳಿದು, ಸರತಿಯಲ್ಲಿ ಕಾದು, ಹಸಿದು ನಿದ್ದೆಗೆಟ್ಟ ಮಗುವನ್ನು ಹೊಸ ಜಾಗದಲ್ಲಿ ಹೊಸಬರ ಮುಂದೆ ಕೂರಿಸಿದರೆ ಅದು ಮಾಡುವ ಕೆಲಸ ಒಂದೇ, ಅಳುವುದು. ಮನೆಯಲ್ಲಿ ಡಬ್ಬಿ ತೆರೆದು ಕಡಲೆಪುರಿ ಚೆಲ್ಲುವ ಮಗು ಅಲ್ಲಿ ಕೈಯನ್ನೂ ಚಾಚುವುದಿಲ್ಲ. ವೈದ್ಯ ನೋಡುವುದು ಹತ್ತು ನಿಮಿಷ. ತಾಯಿ ನೋಡುವುದು ಹಗಲು ರಾತ್ರಿ.

ಅಮೆರಿಕದ ಆರಿಗಾನ್ ವಿಶ್ವವಿದ್ಯಾಲಯದ ಡಯಾನ್ ಬ್ರಿಕರ್, ಜೇನ್ ಸ್ಕ್ವೈರ್ಸ್ ಮತ್ತು ಜೊತೆಯವರು ತಾಯಂದಿರ ಈ ತಿಳಿವಳಿಕೆಯನ್ನೇ ಬಳಸಿಕೊಂಡು ಒಂದು ಪ್ರಶ್ನಾವಳಿ ತಯಾರಿಸಿ 1995ರಲ್ಲಿ ಪ್ರಕಟಿಸಿದರು. ಅದಕ್ಕೆ ಏಜಸ್ ಅಂಡ್ ಸ್ಟೇಜಸ್ ಎಂದು ಹೆಸರು; ಚಿಕ್ಕದಾಗಿ ಎ.ಎಸ್.ಕ್ಯೂ. ಎನ್ನುತ್ತಾರೆ. ಒಂದೊಂದು ವಯಸ್ಸಿಗೆ ಒಂದೊಂದು ಹಾಳೆ. ಪ್ರತಿ ಹಾಳೆಯಲ್ಲಿ ಐದು ವಿಭಾಗ: ಮಾತು ಮತ್ತು ಅರ್ಥ ಮಾಡಿಕೊಳ್ಳುವಿಕೆ, ಇಡೀ ದೇಹದ ಚಲನೆ, ಬೆರಳುಗಳ ಕೆಲಸ, ಸಣ್ಣಪುಟ್ಟ ಸಮಸ್ಯೆ ಬಿಡಿಸುವುದು, ಜನರೊಡನೆ ಬೆರೆಯುವುದು. ವಿಭಾಗಕ್ಕೆ ಆರು ಪ್ರಶ್ನೆಯಂತೆ ಮೂವತ್ತು. ಉತ್ತರ ಮೂರೇ ಬಗೆ. ಹೌದು ಮಾಡುತ್ತದೆ, ಒಮ್ಮೊಮ್ಮೆ ಮಾಡುತ್ತದೆ, ಇನ್ನೂ ಇಲ್ಲ. ಹೌದು ಎಂದರೆ 10 ಅಂಕ, ಒಮ್ಮೊಮ್ಮೆಗೆ 5, ಇನ್ನೂ ಇಲ್ಲ ಎಂದರೆ ಸೊನ್ನೆ. ಬರೀ "ಇಲ್ಲ" ಎನ್ನದೆ "ಇನ್ನೂ ಇಲ್ಲ" ಎಂದು ಬರೆದವರ ಜಾಣತನ ನನಗೆ ಇಷ್ಟವಾಯಿತು. ಹೆತ್ತ ಕರುಳು ಆ ಎರಡನೆಯ ಮಾತನ್ನು ಬರೆಯಲು ಅಷ್ಟು ಹಿಂಜರಿಯುವುದಿಲ್ಲ. ಎಲ್ಲ ಮುಗಿಯಲು ಕಾಲು ಗಂಟೆ ಸಾಕು.

ಬ್ರಿಟನ್ನಿನಲ್ಲಿ ಪಾರ್ಕಾ-ಆರ್ ಎಂಬ ಇನ್ನೊಂದು ಪ್ರಶ್ನಾವಳಿ ಇದೆ. ಬಹಳ ಮುಂಚೆ ಹುಟ್ಟಿದ ಮಕ್ಕಳಿಗೆ ಎರಡು ವರ್ಷ ತುಂಬಿದಾಗ ತಂದೆ ತಾಯಿ ಇದನ್ನು ತುಂಬುತ್ತಾರೆ. ಮಗು ಆಡುವ ನೂರು ಪದಗಳ ಪಟ್ಟಿಯೂ ಅದರಲ್ಲಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿ 2017ರಲ್ಲಿ ಇದನ್ನು ಶಿಫಾರಸು ಮಾಡಿತು. ಅಷ್ಟೊಂದು ತಜ್ಞರಿರುವ ದೇಶವೇ ತಾಯಿಯ ಉತ್ತರವನ್ನು ನೆಚ್ಚುವಾಗ, ನಮ್ಮಲ್ಲಿ "ಅಮ್ಮಂದಿರಿಗೇನು ಗೊತ್ತು" ಎಂಬ ಧೋರಣೆ ವೈದ್ಯರಲ್ಲಿ ಇರಬಾರದು.

ನಮ್ಮ ಪಕ್ಕದ ಕೇರಳದ ತಿರುವನಂತಪುರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು 17 ಅಂಶಗಳ ಒಂದು ಪುಟದ ಚಾರ್ಟ್ ಮಾಡಿದ್ದಾರೆ. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೇರವಾಗಿ ಇಟ್ಟು, ಅದರ ಎಡಕ್ಕೆ ಪೂರ್ತಿ ಮುಗಿದಿರುವ ಕೆಲಸಗಳನ್ನೆಲ್ಲ ಮಗು ಮಾಡುತ್ತಿದೆಯೇ ಎಂದು ನೋಡಿದರೆ ಆಯಿತು. ಅಂಗನವಾಡಿ ಕಾರ್ಯಕರ್ತೆಯೂ ಮಾಡಬಹುದಾದಷ್ಟು ಸುಲಭ. ಇನ್ನು ನಿಮ್ಮ ಮನೆಯ ತಾಯಿ ಕಾರ್ಡನ್ನೇ ತೆಗೆದು ನೋಡಿ. ಚುಚ್ಚುಮದ್ದಿನ ಪುಟದ ಆಚೆಗೆ, ಮಗು ಯಾವ ತಿಂಗಳಿಗೆ ಏನು ಮಾಡಬೇಕು ಎಂದು ಚಿತ್ರಸಮೇತ ಕೊಟ್ಟಿರುತ್ತಾರೆ. ಬಹಳ ಮನೆಗಳಲ್ಲಿ ಆ ಪುಟದ ಮೇಲೆ ಒಂದು ಗುರುತೂ ಬಿದ್ದಿರುವುದಿಲ್ಲ.

ಉತ್ತರ ಕೊಡುವುದೂ ಒಂದು ಕೆಲಸ

ಪ್ರಶ್ನೆ ಸರಿಯಿದ್ದರೂ ಉತ್ತರ ಹದ ತಪ್ಪಬಹುದು. ನನ್ನ ಮುಂದೆ ಕೂತ ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟು ಮುಗಿಸಿರುತ್ತಾರೆ. "ಎಲ್ಲಾ ಮಾಡುತ್ತೆ ಸ್ವಾಮಿ, ಭಾಳ ಚುರುಕು." ಸೊಸೆ ನೆಲ ನೋಡುತ್ತಾಳೆ. ಮಗುವಿಗೆ ಏನಾದರೂ ಕಡಿಮೆ ಎಂದು ಬಾಯಿಬಿಟ್ಟರೆ "ಹೊಟ್ಟೇಲಿದ್ದಾಗ ನೀನು ಸರಿಯಾಗಿ ತಿನ್ನಲಿಲ್ಲ" ಎಂಬ ಮಾತು ದಾರಿಯುದ್ದಕ್ಕೂ ಕೇಳಬೇಕಾದೀತು ಎಂಬ ಭಯ ಆಕೆಗೆ. ಅವಧಿಗೆ ಮುನ್ನ ಹೆರಿಗೆಯಾಗಲು ರಕ್ತದೊತ್ತಡ, ಸೋಂಕು, ಅವಳಿ ಮಕ್ಕಳು, ಗರ್ಭಕೋಶದ ಬಾಯಿಯ ದುರ್ಬಲತೆ ಹೀಗೆ ಹತ್ತು ಕಾರಣಗಳಿವೆ. ಅನೇಕ ಸಲ ಕಾರಣವೇ ಸಿಗುವುದಿಲ್ಲ. ತಾಯಿಯನ್ನು ದೂರಿದರೆ ನಮಗೆ ಸಿಗುವುದು ಸುಳ್ಳು ಉತ್ತರ. ಆದ್ದರಿಂದ ಪ್ರಶ್ನಾವಳಿಯನ್ನು ಮನೆಗೆ ಒಯ್ದು, ನಿಧಾನವಾಗಿ, ಮಗುವನ್ನು ಆಡಿಸುತ್ತಾ ತುಂಬುವುದು ಒಳ್ಳೆಯದು.

ಹಾಗೆಂದು ಯಾವಾಗಲೂ ತಾಯಿಯೇ ತುಂಬಬೇಕೆಂದಿಲ್ಲ. ಬೆಳಗ್ಗೆ ಏಳಕ್ಕೆ ಕಾರ್ಖಾನೆಯ ವ್ಯಾನು ಹತ್ತಿ ಹೋಗುವ ತಾಯಿಯ ಮಗುವನ್ನು ಇಡೀ ದಿನ ನೋಡುವವರು ಅಜ್ಜಿ. ಅಲ್ಲಿ ಅಜ್ಜಿಯ ಉತ್ತರವೇ ಪ್ರಮಾಣ. ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆ ಓದಿ ಹೇಳಬಹುದು. ತಂದೆಯೂ ಜೊತೆಗೆ ಕೂರಲಿ. ಅವನು ಆಡಿಸಿದಾಗ ಮಾತ್ರ ಮಾಡುವ ಕೆಲವು ಆಟಗಳು ಮಗುವಿಗೆ ಇರುತ್ತವೆ.

ಉತ್ತರ ಬರೆಯುವಾಗ ನೆನಪಿನಿಂದ ಬರೆಯಬೇಡಿ, ಮಾಡಿಸಿ ನೋಡಿ. ಒಂದು ಸಲ ಆಕಸ್ಮಿಕವಾಗಿ ಮಾಡಿದ್ದು "ಹೌದು" ಅಲ್ಲ. ಹೊಟ್ಟೆ ತುಂಬಿ, ನಿದ್ದೆ ಆಗಿ, ಜ್ವರ ನೆಗಡಿ ಇಲ್ಲದ ಹೊತ್ತು ಆರಿಸಿಕೊಳ್ಳಿ. ಬೇರೆ ದೇಶದ ಪ್ರಶ್ನೆಗಳನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಫೋರ್ಕ್ ಹಿಡಿಯುತ್ತದೆಯೇ ಎಂದರೆ ಮುದ್ದೆ ಉಣ್ಣುವ ಮನೆಯಲ್ಲಿ ಏನು ಹೇಳುವುದು? ಹಾಳೆ ಕೊಡುವ ವೈದ್ಯರು ಇಂಥದ್ದನ್ನು ಬಿಡಿಸಿ ಹೇಳಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಸಣ್ಣ ಚೂರನ್ನು ಹೆಕ್ಕುತ್ತದೆಯೇ ಎಂದು ನೋಡಲು ತಟ್ಟೆಯಲ್ಲಿ ನಾಲ್ಕು ಕಡಲೆಪುರಿ ಹಾಕಿದರೆ ಸಾಕು. ನೀವು ಪಕ್ಕದಲ್ಲೇ ಇರಬೇಕು, ಕಡಲೆಬೀಜ ಮಾತ್ರ ಬೇಡವೇ ಬೇಡ, ಉಸಿರಿನ ನಾಳಕ್ಕೆ ಹೋದೀತು.

ಮಾತಿನ ವಿಷಯದಲ್ಲಿ ಸಾಮಾನ್ಯವಾದ ಒಂದು ಗೊಂದಲವಿದೆ. ಮಗು ಅನ್ನಕ್ಕೆ "ಮಮ್ಮು" ಎಂದರೆ, ಹಸುವಿಗೆ "ಅಂಬಾ" ಎಂದರೆ, ಮಲಗುವುದಕ್ಕೆ "ತಾಚಿ" ಎಂದರೆ ಅವು ಪದಗಳೇ. ಪ್ರತಿ ಸಲ ಅದೇ ವಸ್ತುವಿಗೆ ಅದೇ ಸದ್ದು ಬಳಸುತ್ತಿದ್ದರೆ ಎಣಿಸಿ. ತುಮಕೂರು ಪೇಟೆಯ ಎಷ್ಟೋ ಮನೆಗಳಲ್ಲಿ ಮಗುವಿನ ಕಿವಿಗೆ ಕನ್ನಡದ ಜೊತೆ ತೆಲುಗೋ ಉರ್ದುವೋ ಬೀಳುತ್ತದೆ. ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಬೇಕು. ಎರಡು ಭಾಷೆ ಕೇಳಿದ್ದಕ್ಕೇ ಮಾತು ತಡವಾಯಿತು ಎಂದು ಸುಮ್ಮನೆ ಕೂರಬೇಡಿ.

ಇನ್ನೊಂದು ವಿಷಯ. ಗಾಜಿನ ಪೆಟ್ಟಿಗೆಯಿಂದ ಬಂದ ಮಗು ಎಂದು ಕೆಲವು ಮನೆಗಳಲ್ಲಿ ಅದನ್ನು ನೆಲಕ್ಕೇ ಇಳಿಸುವುದಿಲ್ಲ. ತೊಟ್ಟಿಲು, ಮಡಿಲು, ಕಂಕುಳು, ಇಷ್ಟೇ ಅದರ ಪ್ರಪಂಚ. ಅಂಥ ಮಗು ಚಲನೆಯ ಪ್ರಶ್ನೆಗಳಲ್ಲಿ ಸೊನ್ನೆ ತೆಗೆದುಕೊಂಡರೆ ತೊಂದರೆ ಮೆದುಳಿನದೋ ಅವಕಾಶದ್ದೋ ಹೇಳಲಾಗದು. ಎಚ್ಚರವಾಗಿದ್ದಾಗ ಚಾಪೆಯ ಮೇಲೆ ಬೋರಲು ಮಲಗಿಸಿ, ನೀವೂ ಎದುರಿಗೆ ಮಲಗಿ ಮಾತಾಡಿಸಿ. ಜಾತ್ರೆಯಿಂದ ತಂದ ಗಾಲಿ ವಾಕರಿನಲ್ಲಿ ಕೂರಿಸಿದರೆ ನಡಿಗೆ ಬೇಗ ಬರುವುದಿಲ್ಲ, ಬೀಳುವುದು ಮಾತ್ರ ಖಚಿತ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

"ಎಡಚ, ಅವರ ತಾತನ ಹಾಗೆ"

ಪ್ರಶ್ನಾವಳಿಯ ನಿಜವಾದ ಬೆಲೆ ಗೊತ್ತಾಗುವುದು ಮನೆಯವರಿಗೆ ಹೊಳೆಯದ ಪ್ರಶ್ನೆಯೊಂದನ್ನು ಅದು ಕೇಳಿದಾಗ. "ಮಗು ಎರಡೂ ಕೈಗಳನ್ನು ಸಮನಾಗಿ ಬಳಸುತ್ತದೆಯೇ?" ಎಂಬ ಪ್ರಶ್ನೆ ಅಂಥದ್ದು. ಕುಣಿಗಲ್ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಮಗುವಿಗೆ ಸರಿಪಡಿಸಿದ ವಯಸ್ಸು ಎಂಟು ತಿಂಗಳು. ನಗುತ್ತದೆ, ಗುರುತು ಹಿಡಿಯುತ್ತದೆ, ಹೆಸರು ಕರೆದರೆ ತಿರುಗುತ್ತದೆ. ತಾಯಿ ಹೆಮ್ಮೆಯಿಂದ ಹೇಳುತ್ತಾಳೆ: "ಎಲ್ಲಾ ಎಡಗೈಲೇ ಸಾರ್. ಎಡಚ, ಅವರ ತಾತನ ಹಾಗೆ." ಮನೆಯವರೆಲ್ಲ ಇದನ್ನು ಆಡಿ ನಕ್ಕಿರುತ್ತಾರೆ. ವೈದ್ಯನ ಕಿವಿಗೆ ಅದು ನಗುವ ಮಾತಲ್ಲ.

ಒಂದು ವರ್ಷದೊಳಗಿನ ಮಗುವಿಗೆ ಎಡಚ ಬಲಚ ಎಂಬುದು ಇರುವುದಿಲ್ಲ. ಆಟಿಕೆ ಯಾವ ಕಡೆ ಇದೆಯೋ ಆ ಕಡೆಯ ಕೈ ಚಾಚುತ್ತದೆ. ಒಂದೇ ಕೈಯನ್ನು ಬಳಸುತ್ತಿದೆ ಎಂದರೆ ಅದು ಆ ಕೈಯ ಹೆಚ್ಚುಗಾರಿಕೆ ಇರಲಾರದು. ಇನ್ನೊಂದು ಕೈಗೆ ಶಕ್ತಿ ಸಾಲದಿರಬಹುದು. ಬಲಗೈ ಮುಷ್ಟಿ ಬಿಗಿದೇ ಇರುತ್ತದೆಯೇ, ಹೆಬ್ಬೆರಳು ಒಳಗೇ ಮಡಿಸಿಕೊಂಡಿರುತ್ತದೆಯೇ, ಅಂಗಿ ತೊಡಿಸುವಾಗ ಆ ತೋಳು ಸಲೀಸಾಗಿ ಬರುವುದಿಲ್ಲವೇ ಎಂದು ಕೇಳಿದರೆ ತಾಯಿಗೆ ಆಗ ನೆನಪಾಗುತ್ತದೆ, "ಹೌದು ಸಾರ್, ಆ ತೋಳು ತೊಡಿಸೋದೇ ಕಷ್ಟ." ಬಹಳ ಮುಂಚೆ ಹುಟ್ಟಿದ ಮಕ್ಕಳ ಮೆದುಳಿನ ಒಳಭಾಗದ ರಕ್ತನಾಳಗಳು ಬಲು ಎಳೆಯವು. ಹುಟ್ಟಿದ ಮೊದಲ ದಿನಗಳಲ್ಲಿ ಅಲ್ಲಿ ರಕ್ತಸ್ರಾವವೋ ರಕ್ತದ ಕೊರತೆಯೋ ಆಗಿದ್ದರೆ ಅದರ ಫಲ ಕೈಕಾಲಿನಲ್ಲಿ ಹೀಗೆ ತಿಂಗಳುಗಳ ನಂತರ ತೋರುತ್ತದೆ. ಇದು ಸೆರೆಬ್ರಲ್ ಪಾಲ್ಸಿಯ ಒಂದು ಬಗೆ.

ಮಗುವಿಗೆ ಎಂಟು ತಿಂಗಳಾಗಿದ್ದಾಗ ಇದು ಗೊತ್ತಾದರೆ ಆ ಕೈಯನ್ನು ಬಳಸುವಂತೆ ಆಟದ ಮೂಲಕ ಪಳಗಿಸಬಹುದು, ಕೀಲು ಬಿಗಿಯದಂತೆ ನೋಡಿಕೊಳ್ಳಬಹುದು. ಎಳೆಯ ಮೆದುಳು ಸುತ್ತುದಾರಿ ಕಂಡುಕೊಳ್ಳುವ ಕಾಲ ಅದು. ಮೂರು ವರ್ಷಕ್ಕೆ ಬಂದರೆ ಆಗಲೂ ಮಾಡುವುದಿದೆ, ಆದರೆ ಅಷ್ಟರಲ್ಲಿ ಮಗು ಆ ಕೈಯನ್ನು ಮರೆತಿರುತ್ತದೆ. ರೋಗವನ್ನು ಪೂರ್ತಿ ಅಳಿಸುವ ಔಷಧಿ ಇಲ್ಲ. ಹಾಗೆ ಹೇಳಿ ಎಣ್ಣೆ, ತಾಯತ, ಮಾತ್ರೆ ಮಾರುವವರಿಗೆ ದುಡ್ಡು ಸುರಿಯಬೇಡಿ.

ಹೀಗೆ ಕಾಯದೆ ತೋರಿಸಬೇಕಾದ ಇತರ ಚಿಹ್ನೆಗಳೂ ಇವೆ. ಎಲ್ಲವೂ ಸರಿಪಡಿಸಿದ ವಯಸ್ಸಿಗೆ. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು, ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಬಿಗಿದುಕೊಳ್ಳುವುದು, ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷವಾದರೂ ಬಾ-ಬಾ, ದಾ-ದಾ ಎಂಬ ಸದ್ದುಗಳಿಲ್ಲದಿರುವುದು, ಒಂದೂವರೆ ವರ್ಷ ದಾಟಿದರೂ ನಡೆಯದಿರುವುದು. ಕಲಿತಿದ್ದನ್ನು ಮಗು ಮರೆಯತೊಡಗಿದರೆ ಯಾವ ವಯಸ್ಸಿನಲ್ಲೇ ಆಗಲಿ ತಡಮಾಡಬಾರದು. ಅಂಬೆಗಾಲಿಡದೆ ಕೂತಲ್ಲೇ ದೇಕಿಕೊಂಡು ಹೋಗಿ, ಆಮೇಲೆ ಎದ್ದು ನಡೆದರೆ ಚಿಂತೆ ಬೇಡ. ಕೆಲವು ಆರೋಗ್ಯವಂತ ಮಕ್ಕಳು ಅಂಬೆಗಾಲಿಡುವುದೇ ಇಲ್ಲ.

ಅಂಕ ಕಡಿಮೆ ಬಂದರೆ?

ಅಂಕ ಕಡಿಮೆ ಬಂತು ಎಂದರೆ ಬುದ್ಧಿಮಾಂದ್ಯ ಎಂದಲ್ಲ. ಪ್ರಶ್ನಾವಳಿ ಜರಡಿಯಿದ್ದಂತೆ. ದೆಹಲಿಯ ವೈದ್ಯರು ಎ.ಎಸ್.ಕ್ಯೂ.ವನ್ನು ಹಿಂದಿಗೆ ಇಳಿಸಿ, 200 ಮಕ್ಕಳ ತಂದೆ ತಾಯಿಯರನ್ನು ಕೇಳಿ, ಅದೇ ಮಕ್ಕಳನ್ನು ಬರೋಡದ ಮಾಪಕದಿಂದಲೂ ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿ ಹಿಂದುಳಿದಿದ್ದ ಪ್ರತಿ ನೂರು ಮಕ್ಕಳಲ್ಲಿ ಸುಮಾರು 83 ಮಕ್ಕಳನ್ನು ಪ್ರಶ್ನಾವಳಿ ಹಿಡಿಯಿತು. ಸರಿಯಾಗಿದ್ದ ನೂರರಲ್ಲಿ ಸುಮಾರು 75 ಮಕ್ಕಳನ್ನು ಸರಿ ಎಂದಿತು. ಇದರ ಅರ್ಥ ಗಮನಿಸಿ. ಸರಿಯಾಗಿರುವ ನೂರು ಮಕ್ಕಳಲ್ಲಿ 25 ಮಕ್ಕಳ ಮನೆಯವರಿಗೆ ಸುಮ್ಮನೆ ಒಂದು ಆತಂಕ. ತೊಂದರೆಯಿರುವ ನೂರರಲ್ಲಿ 17 ಮಕ್ಕಳು ಜರಡಿಯ ಕಣ್ಣಿನಿಂದ ಜಾರಿಬಿಡುತ್ತಾರೆ. ಅದಕ್ಕೇ ಒಂದೇ ಸಲ ತುಂಬಿ ಮರೆಯುವಂತಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಹಾಳೆ ತುಂಬಬೇಕು. ಈ ಸಲ ಜಾರಿದ್ದು ಮುಂದಿನ ಸಲ ಸಿಕ್ಕೀತು. ಅಂಕ ಗೆರೆಯ ಹತ್ತಿರ ಇದ್ದರೆ ಆ ವಿಭಾಗದ ಆಟಗಳನ್ನು ಆಡಿಸುತ್ತಾ ಒಂದೆರಡು ತಿಂಗಳಲ್ಲಿ ಮತ್ತೆ ತುಂಬುವುದು. ಗೆರೆಗಿಂತ ಕೆಳಗಿದ್ದರೆ ಮಕ್ಕಳ ತಜ್ಞರಲ್ಲಿ ಪೂರ್ಣ ಪರೀಕ್ಷೆ.

ಎಲ್ಲಿಗೆ ಹೋಗುವುದು? ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಅವರ ನಮೂನೆಯಲ್ಲೂ ವಯಸ್ಸಿಗೆ ತಕ್ಕ ಬೆಳವಣಿಗೆಯ ಪ್ರಶ್ನೆಗಳಿವೆ. ಅಲ್ಲಿ ಸಂಶಯ ಬಂದ ಮಕ್ಕಳಿಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಚಿಕಿತ್ಸೆ ಎಂಬುದು ಯೋಜನೆ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮೀರಿಸಿದ್ದು ನಮ್ಮ ಸುತ್ತಿನಲ್ಲಿಲ್ಲ. ಗುಬ್ಬಿಯಿಂದ ತುಮಕೂರು ಇಪ್ಪತ್ತು ಕಿಲೋಮೀಟರ್, ಕುಣಿಗಲ್ಲಿನಿಂದ ಮೂವತ್ತೈದರ ಆಸುಪಾಸು. ದೂರವೇನಲ್ಲ ಎನ್ನಬಹುದು. ಆದರೆ ಒಂದು ದಿನದ ಕೂಲಿ ಬಿಟ್ಟು, ಇಬ್ಬರ ಬಸ್ ಚಾರ್ಜು ಕೊಟ್ಟು, "ಮಗು ಚೆನ್ನಾಗಿದೆ, ಮುಂದಿನ ತಿಂಗಳು ಬನ್ನಿ" ಎನಿಸಿಕೊಂಡು ಬಂದ ಮನೆಯವರು ಮುಂದಿನ ತಿಂಗಳು ಹೋಗುವುದಿಲ್ಲ. ಮನೆಯಲ್ಲೇ ತುಂಬಿದ ಪ್ರಶ್ನಾವಳಿ ಇದ್ದರೆ, ಯಾವ ತಿಂಗಳು ಹೋಗಲೇಬೇಕು, ಯಾವ ತಿಂಗಳು ಫೋನಿನಲ್ಲಿ ತಿಳಿಸಿದರೆ ಸಾಕು ಎಂಬುದನ್ನು ವೈದ್ಯರು ಹೇಳಬಹುದು. ನಮ್ಮಂಥ ಊರುಗಳಿಗೆ ಇದರ ದೊಡ್ಡ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ.

ಕಣ್ಣು ಕಿವಿಗೆ ಪ್ರಶ್ನೆ ಸಾಲದು

ಎರಡು ವಿಷಯಗಳನ್ನು ಮಾತ್ರ ಯಾವ ಪ್ರಶ್ನಾವಳಿಯ ಮೇಲೂ ಬಿಡಬೇಡಿ. 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನದೊಳಗೆ ಕಣ್ಣಿನ ತಜ್ಞರು ನೋಡಲೇಬೇಕು. ತೀರಾ ಎಳೆಯ ಮಕ್ಕಳಿಗೆ ಇನ್ನೂ ಮೊದಲು. ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕೆಲವೇ ವಾರಗಳಲ್ಲಿ ಶಾಶ್ವತ ಕುರುಡು ಬರಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ತಾಯಿಗೆ ಗೊತ್ತಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಸಕಾಲದಲ್ಲಿ ಲೇಸರ್ ಚಿಕಿತ್ಸೆ ಮಾಡಿದರೆ ದೃಷ್ಟಿ ಉಳಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮರಾವನ್ನು ಜಿಲ್ಲೆಗಳ ಆಸ್ಪತ್ರೆಗಳಿಗೇ ಒಯ್ದು, ಎಳೆಗೂಸುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ಏರ್ಪಾಡು ಅದು. ಕನ್ನಡ ನಾಡು ಹೆಮ್ಮೆಪಡಬಹುದಾದ ಕೆಲಸ.

ಕಿವಿಯ ವಿಷಯದಲ್ಲಿ ತಾಯಿಯ ಉತ್ತರ ಅನೇಕ ಸಲ ಮೋಸ ಹೋಗುತ್ತದೆ. ತಟ್ಟೆ ಬಿದ್ದಾಗ ಮಗು ಬೆಚ್ಚಿತು ಎಂದರೆ ಕೇಳಿಸಿತು ಎಂದೇ ಅಲ್ಲ. ನೆಲದ ಅದುರು, ನಿಮ್ಮ ನೆರಳಿನ ಚಲನೆ ಸಾಕು. ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗು, ಕಾಮಾಲೆಗೆ ರಕ್ತ ಬದಲಾಯಿಸಿಕೊಂಡ ಮಗು, ಕಿವಿಗೆ ತೊಂದರೆ ಕೊಡಬಲ್ಲ ಕೆಲವು ಪ್ರತಿಜೀವಕಗಳನ್ನು ಪಡೆದ ಮಗುವಿಗೆ ಯಂತ್ರದ ಮೂಲಕ ಶ್ರವಣ ಪರೀಕ್ಷೆ ಆಗಬೇಕು. ಮೂರು ತಿಂಗಳೊಳಗೆ ದೋಷ ಖಚಿತವಾಗಿ, ಆರು ತಿಂಗಳೊಳಗೆ ಶ್ರವಣ ಸಾಧನ ಸಿಕ್ಕಿದರೆ ಮಾತು ಕಲಿಯುವ ಕಾಲ ಕೈತಪ್ಪುವುದಿಲ್ಲ.

ಎರಡು ವರ್ಷದ ಪ್ರಶ್ನಾವಳಿ ಚೆನ್ನಾಗಿ ಬಂದ ಮೇಲೆ ಕಡತ ಮುಚ್ಚಿಬಿಡುವ ರೂಢಿ ಇದೆ. ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಗಮನ ನಿಲ್ಲದಿರುವುದು, ಲೆಕ್ಕದಲ್ಲಿ ತಡವರಿಸುವುದು ಶಾಲೆಗೆ ಸೇರಿದ ಮೇಲೆ ತೋರುತ್ತದೆ. ನಾಲ್ಕು ವರ್ಷದ ಹೊತ್ತಿಗೆ ಇನ್ನೊಮ್ಮೆ ತುಂಬಿ ನೋಡಿ. ಶಾಲೆಯ ಮೇಷ್ಟ್ರಿಗೂ ಮಗು ಎಷ್ಟು ವಾರಕ್ಕೆ ಹುಟ್ಟಿದ್ದು ಎಂದು ಹೇಳಿಡಿ. ಸೋಮಾರಿ ಎಂದು ಗದರುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ.

ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡಬೇಕಾದ ತಿಂಗಳುಗಳು ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದು. ಆ ದಿನ ತಾಯಿ ಕಾರ್ಡಿನ ಬೆಳವಣಿಗೆಯ ಪುಟವನ್ನು ಅವರ ಜೊತೆ ಕೂತು ಗುರುತು ಹಾಕಿ, ಪಕ್ಕದಲ್ಲಿ ತಾರೀಖನ್ನೂ ಬರೆಯಿರಿ. ವೈದ್ಯರ ಬಳಿ ಬರುವಾಗ ಆ ಕಾರ್ಡಿನ ಜೊತೆ ಮಗುವಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ತನ್ನಿ. ಹುಟ್ಟಿದಾಗಿನ ವಾರ, ತೂಕ, ಉಸಿರಾಟದ ಯಂತ್ರದಲ್ಲಿದ್ದ ದಿನಗಳು, ತಲೆಯ ಸ್ಕ್ಯಾನಿನ ವರದಿ ಅದರಲ್ಲಿರುತ್ತವೆ. ನೀರು ತಾಗಿ ಅಕ್ಷರ ಅಳಿಸುವ ಮೊದಲೇ ಅದರ ಎರಡು ಜೆರಾಕ್ಸ್ ಮಾಡಿಸಿಡಿ.